ಗಿಡದ ಟ್ಯಾಂಕ್‌ನಲ್ಲಿ ಮೀನು ಒಟ್ಟಿಗೇ ಸತ್ತರೆ: ಕಾರಣ ಹುಡುಕುವುದು ಹೇಗೆ?

ರಾತ್ರಿ ಚೆನ್ನಾಗಿ ಓಡಾಡುತ್ತಿದ್ದ ಮೀನು ಬೆಳಿಗ್ಗೆ ಸತ್ತು ಬಿದ್ದಿದ್ದರೆ ಕೈ ಮೊದಲು ಹೋಗುವುದು ಔಷಧಿ ಬಾಟಲಿಗೆ. ಮೆಥಿಲೀನ್ ಬ್ಲೂ ನಾಲ್ಕು ಹನಿ, ಉಪ್ಪು ಒಂದು ಮುಷ್ಟಿ, ಅಂಗಡಿಯವರು ಕೊಟ್ಟ ಹಳದಿ ಪುಡಿ ಒಂದು ಚಿಟಿಕೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದೇ ರಾತ್ರಿಯಲ್ಲಿ ನಾಲ್ಕೈದು ಮೀನು ಸತ್ತರೆ ಅದು ರೋಗ ಆಗಿರುವ ಸಾಧ್ಯತೆ ಕಡಿಮೆ. ನೀರಲ್ಲಿ ಏನೋ ಆಗಿದೆ. ಔಷಧಿ ಹಾಕಿದರೆ ಫಿಲ್ಟರ್‌ನ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು, ಗಿಡಕ್ಕೂ ಪೆಟ್ಟು. ಮೇಲಿಂದ ಕಾರಣದ ಗುರುತು ಅಳಿಸಿ ಹೋಗುತ್ತದೆ.

ಗಿಡ ನೆಟ್ಟ ಟ್ಯಾಂಕ್‌ಗೆ ಅದರದ್ದೇ ಆದ ಅಪಾಯಗಳಿವೆ. ನಮ್ಮ ಮಂಗಳೂರು, ಉಡುಪಿ ಕಡೆಯ ನೀರಿಗೂ ಅದರದ್ದೇ ಗುಣ ಇದೆ. ಇವೆರಡನ್ನೂ ಸೇರಿಸಿ ನೋಡಿದರೆ ಹೆಚ್ಚಿನ ಸಾವಿಗೆ ಕಾರಣ ಸಿಗುತ್ತದೆ. ಮೂರು ಪ್ರಶ್ನೆ ತಲೆಯಲ್ಲಿಡಿ: ಯಾವ ಹೊತ್ತಿಗೆ ಸತ್ತವು? ಯಾವುದು ಸತ್ತಿತು, ಯಾವುದು ಉಳಿಯಿತು? ಹಿಂದಿನ ಎರಡು ದಿನದಲ್ಲಿ ಏನು ಬದಲಾಯಿತು?

ಮೊದಲ ಹತ್ತು ನಿಮಿಷ

ಉಳಿದ ಮೀನು ಬದುಕಿದ್ದರೆ ಕಾರಣ ಆಮೇಲೆ ಹುಡುಕಿ, ಮೊದಲು ಗಾಳಿ ಕೊಡಿ. ಏರ್ ಪಂಪ್ ಇದ್ದರೆ ಹಾಕಿ. ಇಲ್ಲದಿದ್ದರೆ ಫಿಲ್ಟರ್‌ನಿಂದ ನೀರು ಹೊರಬರುವ ಪೈಪನ್ನು ಮೇಲೆತ್ತಿ, ನೀರಿನ ಮೇಲ್ಭಾಗ ಚೆನ್ನಾಗಿ ಕಲಕುವ ಹಾಗೆ ಮಾಡಿ. ಅದೂ ಆಗದಿದ್ದರೆ ಚೊಂಬಿನಲ್ಲಿ ಟ್ಯಾಂಕ್‌ನ ನೀರನ್ನೇ ಎತ್ತಿ ಎತ್ತಿ ಮೇಲಿಂದ ಹೊಯ್ಯಿರಿ. ಗಿಡಕ್ಕೆಂದು ಸಿಓಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಬಿಡುವ ಸಿಲಿಂಡರ್ ಇದ್ದರೆ ಅದರ ವಾಲ್ವ್ ಮುಚ್ಚಿ. ಸಕ್ಕರೆ-ಯೀಸ್ಟ್ ಬಾಟಲಿ ಆಗಿದ್ದರೆ ಪೈಪನ್ನು ಟ್ಯಾಂಕ್‌ನಿಂದ ಹೊರಗೆ ಹಾಕಿದರೆ ಸಾಕು. ಅದನ್ನು ಮಡಚಿ ಕಟ್ಟಬೇಡಿ, ಒತ್ತಡ ತುಂಬಿ ಬಾಟಲಿ ಒಡೆಯಬಹುದು.

ಆಮೇಲೆ ಒಂದು ಕೆಲಸ ಇದೆ, ಹೆಚ್ಚಿನವರು ಇದನ್ನು ಮರೆಯುತ್ತಾರೆ. ನೀರು ಬದಲಾಯಿಸುವ ಮೊದಲೇ ಸ್ವಚ್ಛ ಬಾಟಲಿಯಲ್ಲಿ ಅರ್ಧ ಲೀಟರ್ ಟ್ಯಾಂಕ್ ನೀರು ತುಂಬಿ, ಗಾಳಿ ಉಳಿಯದಂತೆ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಡಿ. ನೀರು ಬದಲಾಯಿಸಿದ ಮೇಲೆ ಎಷ್ಟು ಪರೀಕ್ಷೆ ಮಾಡಿದರೂ ಏನೂ ಗೊತ್ತಾಗುವುದಿಲ್ಲ. ಸಾಕ್ಷಿ ಚರಂಡಿಗೆ ಹೋಗಿ ಆಗಿರುತ್ತದೆ.

ಫೋನ್‌ನಲ್ಲಿ ಫೋಟೋ ತೆಗೆಯಿರಿ. ಡ್ರಾಪ್ ಚೆಕರ್‌ನ ಬಣ್ಣ (ನೀರಲ್ಲಿ ಸಿಓಟು ಎಷ್ಟಿದೆ ಎಂದು ಬಣ್ಣದಲ್ಲಿ ತೋರಿಸುವ ಪುಟ್ಟ ಗಾಜಿನ ಬುರುಡೆ ಅದು; ಹಸಿರು ಸರಿ, ಹಳದಿ ಎಂದರೆ ಜಾಸ್ತಿ), ಟೈಮರ್ ತೋರಿಸುವ ಹೊತ್ತು, ಥರ್ಮಾಮೀಟರ್, ಸತ್ತ ಮೀನು. ಅರ್ಧ ಗಂಟೆಯಲ್ಲಿ ಇವೆಲ್ಲ ಬದಲಾಗುತ್ತವೆ.

ಸತ್ತ ಮೀನನ್ನು ಎಣಿಸಿ ಹೊರಗೆ ತೆಗೆಯಿರಿ. ನಮ್ಮ ಸೆಕೆಗೆ ಸಣ್ಣ ಟೆಟ್ರಾ ಒಂದು ದಿನದಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ಹಾಗಾಗಿ ಲೆಕ್ಕ ಸಿಗದಿದ್ದರೆ ಕಟ್ಟಿಗೆಯ ಹಿಂದೆ, ಗಿಡದ ಬುಡದಲ್ಲಿ, ಫಿಲ್ಟರ್ ನೀರು ಎಳೆಯುವ ಬಾಯಲ್ಲಿ ಹುಡುಕಿ. ಸ್ಟ್ಯಾಂಡ್‌ನ ಹಿಂದಿನ ನೆಲವನ್ನೂ ನೋಡಿ. ಉಸಿರು ಕಟ್ಟಿದ ಮೀನು ಹಾರುತ್ತದೆ.

ಬಕೆಟ್ ಹಿಡಿಯುವ ಮೊದಲು ಪಿಹೆಚ್ (ನೀರಿನ ಹುಳಿಯ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ) ಮತ್ತು ಅಮೋನಿಯಾ ಎರಡನ್ನೂ ಪರೀಕ್ಷಿಸಿ. ಐದಾರು ನಿಮಿಷದ ಕೆಲಸ. ಈ ಎರಡು ಸಂಖ್ಯೆ ಗೊತ್ತಿಲ್ಲದೆ ಅರ್ಧ ಟ್ಯಾಂಕ್ ನೀರು ಬದಲಾಯಿಸುವುದು ಕೆಲವೊಮ್ಮೆ ಉಳಿದ ಮೀನನ್ನೂ ಕೊಲ್ಲುತ್ತದೆ. ಯಾಕೆ ಎಂದು ಕೆಳಗೆ ಬರೆದಿದ್ದೇನೆ.

ಯಾವ ಹೊತ್ತಿಗೆ ಸತ್ತವು?

ಗಿಡದ ಟ್ಯಾಂಕ್‌ನಲ್ಲಿ ಇದಕ್ಕಿಂತ ದೊಡ್ಡ ಸುಳಿವು ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಲೈಟ್ ಇರುವಾಗ ಗಿಡ ಆಮ್ಲಜನಕ ಬಿಡುತ್ತದೆ. ಲೈಟ್ ಆರಿದ ಮೇಲೆ ಗಿಡ, ಮೀನು, ಬ್ಯಾಕ್ಟೀರಿಯಾ ಎಲ್ಲವೂ ಅದೇ ಆಮ್ಲಜನಕವನ್ನು ಬಳಸುತ್ತವೆ. ರಾತ್ರಿಯಿಡೀ ಅದು ಇಳಿಯುತ್ತಾ ಹೋಗಿ ಬೆಳಗಿನ ಜಾವಕ್ಕೆ ತೀರಾ ಕಡಿಮೆ ಆಗುತ್ತದೆ. ಗಿಡ ದಟ್ಟ ಇದ್ದಷ್ಟೂ ಈ ಇಳಿತ ಜಾಸ್ತಿ.

ಹಾಗಾಗಿ ಮೀನು ಬೆಳಗಿನ ಜಾವ ಸತ್ತಿದ್ದರೆ, ಉಳಿದವು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ಲೈಟ್ ಹಾಕಿ ಒಂದೆರಡು ಗಂಟೆಯಲ್ಲಿ ತಾನಾಗಿ ಸರಿಯಾದರೆ, ಅದು ಆಮ್ಲಜನಕದ ಕೊರತೆ. ಲೈಟ್ ಇರುವಾಗಲೇ, ಅದರಲ್ಲೂ ಲೈಟ್ ಆರುವ ಹೊತ್ತು ಹತ್ತಿರ ಬಂದಾಗ ಮೀನು ಮೇಲೆ ಬಂದರೆ ಸಿಓಟು ಜಾಸ್ತಿ ಆಗಿದೆ ಎಂದು ಅರ್ಥ. ನೀರಲ್ಲಿ ಆಮ್ಲಜನಕ ಧಾರಾಳ ಇದ್ದರೂ ಸಿಓಟು ವಿಪರೀತ ಆದರೆ ಮೀನು ತನ್ನ ರಕ್ತದ ಸಿಓಟು ಹೊರಗೆ ಹಾಕಲಾರದೆ ಸಾಯುತ್ತದೆ. ನೀರು ಬದಲಾಯಿಸಿದ ಕೆಲವೇ ನಿಮಿಷದಿಂದ ಒಂದೆರಡು ಗಂಟೆಯೊಳಗೆ ತೊಂದರೆ ಶುರುವಾದರೆ ಕ್ಲೋರಿನ್, ಪಿಹೆಚ್ ಅಥವಾ ಅಮೋನಿಯಾ ನೋಡಿ.

ಸೆಕೆಗಾಲದಲ್ಲಿ ಈ ಲೆಕ್ಕ ಇನ್ನೂ ಬಿಗಿ. 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. 32 ಡಿಗ್ರಿಗೆ ಅದು 7.3ಕ್ಕೆ ಇಳಿಯುತ್ತದೆ. ಇಳಿದದ್ದು ಒಂದೇ ಮಿಲಿಗ್ರಾಂ, ಆದರೆ ಬಿಸಿ ನೀರಲ್ಲಿ ಮೀನಿಗೆ ಬೇಕಾದದ್ದೂ ಜಾಸ್ತಿ, ಬ್ಯಾಕ್ಟೀರಿಯಾ ತಿನ್ನುವುದೂ ಜಾಸ್ತಿ. ಏಪ್ರಿಲ್-ಮೇ ತಿಂಗಳಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಟ್ಯಾಂಕ್ ಇಟ್ಟವರು ರಾತ್ರಿ ಏರ್ ಪಂಪ್ ಹಾಕಿಯೇ ಮಲಗಬೇಕು. ಏರ್ ಪಂಪ್ ಹಾಕಿದರೆ ಸಿಓಟು ಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ರಾತ್ರಿ ಸಿಓಟು ಹೋದರೆ ಹೋಗಲಿ, ಗಿಡಕ್ಕೆ ಆಗ ಅದು ಬೇಡವೇ ಬೇಡ.

ಒಂದು ಟೈಮರ್‌ನ ಕಥೆ

ಮಣಿಪಾಲದ ಒಬ್ಬ ಗೆಳೆಯರ ಟ್ಯಾಂಕ್‌ನಲ್ಲಿ ಮಳೆಗಾಲಕ್ಕೆ ಮುಂಚಿನ ಗುಡುಗು ಮಳೆ ಬಂದ ಮರುದಿನ ಬೆಳಿಗ್ಗೆ ರಾಸ್ಬೋರಾ ಎಲ್ಲ ಸತ್ತಿದ್ದವು. ಕರೆಂಟ್ ಹೋದದ್ದರಿಂದ ಫಿಲ್ಟರ್ ನಿಂತು ಹೀಗಾಯಿತು ಎಂದು ಮನೆಯವರೆಲ್ಲ ತೀರ್ಮಾನಿಸಿದ್ದರು. ಆದರೆ ಕರೆಂಟ್ ರಾತ್ರಿ ಒಂಬತ್ತಕ್ಕೇ ಬಂದಿತ್ತು, ಆಗ ಮೀನು ಚೆನ್ನಾಗಿಯೇ ಇತ್ತು. ಡ್ರಾಪ್ ಚೆಕರ್ ಮಾತ್ರ ಬೆಳಿಗ್ಗೆಯೂ ನಿಂಬೆ ಹಳದಿ. ಲೈಟ್ ಆರಿ ಅಷ್ಟು ಹೊತ್ತಾದ ಮೇಲೂ ಹಳದಿ ಯಾಕೆ?

ಉತ್ತರ ಸ್ಟ್ಯಾಂಡ್‌ನ ಒಳಗೆ ಇತ್ತು. ಲೈಟ್‌ಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್. ಸಿಓಟುಗೆ ತಿರುಗುವ ಚಕ್ರದ ಹಳೆಯ ಟೈಮರ್. ಗೋಡೆ ಗಡಿಯಾರದಲ್ಲಿ ಆರೂವರೆ, ಚಕ್ರದಲ್ಲಿ ಒಂದೂವರೆ! ಹಿಂದಿನ ಸಂಜೆ ನಾಲ್ಕಕ್ಕೆ ಕರೆಂಟ್ ಹೋದಾಗ ಆ ಚಕ್ರವೂ ನಿಂತಿತ್ತು. ಒಂಬತ್ತಕ್ಕೆ ಕರೆಂಟ್ ಬಂದಾಗ ಅದು ನಾಲ್ಕು ಗಂಟೆಯಿಂದಲೇ ಮುಂದುವರಿಯಿತು. ರಾತ್ರಿ ಎಂಟಕ್ಕೆ ನಿಲ್ಲಬೇಕಿದ್ದ ಸಿಓಟು ನಿಂತದ್ದು ಒಂದು ಗಂಟೆಗೆ. ಲೈಟ್ ಮಾತ್ರ ಸರಿಯಾಗಿ ಒಂಬತ್ತಕ್ಕೇ ಆರಿತ್ತು. ನಾಲ್ಕು ಗಂಟೆ ಕತ್ತಲಲ್ಲಿ ಗ್ಯಾಸ್ ತುಂಬುತ್ತಲೇ ಇತ್ತು.

ನಮ್ಮ ಊರಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್ ತನಕ ಕರೆಂಟ್ ಹೋಗಿ ಬರುವುದು ಹೊಸತಲ್ಲ. ಚಕ್ರದ ಟೈಮರ್ ಇದ್ದವರು ಕರೆಂಟ್ ಬಂದ ತಕ್ಷಣ ಅದನ್ನು ತಿರುಗಿಸಿ ಸರಿ ಮಾಡಬೇಕು. ಇನ್ನೂ ಒಳ್ಳೆಯದು, ಲೈಟ್ ಮತ್ತು ಸಿಓಟು ಎರಡನ್ನೂ ಒಂದೇ ಡಿಜಿಟಲ್ ಟೈಮರ್‌ಗೆ ಕೊಡಿ. ಇನ್ವರ್ಟರ್ ಇರುವ ಮನೆಯಲ್ಲಿ ಇನ್ನೊಂದು ವಿಷಯ: ಸಿಓಟು ಇನ್ವರ್ಟರ್‌ನಲ್ಲಿದ್ದು ಲೈಟ್ ಮತ್ತು ಫಿಲ್ಟರ್ ಇಲ್ಲದಿದ್ದರೆ ಅದೇ ಅಪಾಯ. ತದ್ವಿರುದ್ಧ ಇರಬೇಕು. ಫಿಲ್ಟರ್ ಇನ್ವರ್ಟರ್‌ಗೆ, ಸಿಓಟು ಹೊರಗೆ.

ಡ್ರಾಪ್ ಚೆಕರ್ ಬಗ್ಗೆಯೂ ಒಂದು ಮಾತು. ಅದರೊಳಗೆ 4 ಡಿಗ್ರಿ ಕೆಹೆಚ್ (ಪಿಹೆಚ್ ಜಾರದಂತೆ ಹಿಡಿದಿಡುವ ಗುಣದ ಅಳತೆ) ಇರುವ ದ್ರಾವಣ ಹಾಕಿದ್ದರೆ ಮಾತ್ರ ಹಸಿರು ಎಂದರೆ ಸುಮಾರು 30 ಪಿಪಿಎಂ ಸಿಓಟು, ಅಂದರೆ ಲೀಟರಿಗೆ 30 ಮಿಲಿಗ್ರಾಂ. ಟ್ಯಾಂಕ್ ನೀರನ್ನೇ ತುಂಬಿಸಿದ್ದರೆ ಆ ಬಣ್ಣಕ್ಕೆ ಅರ್ಥ ಇಲ್ಲ. ಜೊತೆಗೆ ಅದು ಒಂದೆರಡು ಗಂಟೆ ಹಿಂದಿನ ಸಂಗತಿ ಹೇಳುತ್ತದೆ, ಈಗಿನದ್ದಲ್ಲ. ಈಗಿನದ್ದು ಬೇಕಾದರೆ ಹೀಗೆ ಮಾಡಿ: ಒಂದು ಲೋಟ ಟ್ಯಾಂಕ್ ನೀರಿನ ಪಿಹೆಚ್ ಕೂಡಲೇ ನೋಡಿ, ಆಮೇಲೆ ಅದೇ ಲೋಟಕ್ಕೆ ಏರ್ ಸ್ಟೋನ್ ಹಾಕಿ ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಪಿಹೆಚ್ ಸುಮಾರು 1 ಏರಿದರೆ ಅದು ಸಿಓಟು ಟ್ಯಾಂಕ್‌ನಲ್ಲಿ ಮಾಮೂಲು. ಒಂದೂವರೆ ದಾಟಿದರೆ ಸಿಓಟು ಮೇಲೆಯೇ ಸಂಶಯ ಇಡಿ. ಸಿಲಿಂಡರ್ ಖಾಲಿಯಾಗುವ ಹೊತ್ತಿಗೆ ಕೆಲವು ರೆಗ್ಯುಲೇಟರ್ ಒಮ್ಮೆಗೇ ಜಾಸ್ತಿ ಗ್ಯಾಸ್ ಬಿಡುತ್ತವೆ. ಗೇಜ್‌ನ ಮುಳ್ಳು ಇಳಿಯಲು ಶುರುವಾದ ಕೂಡಲೇ ತುಂಬಿಸಿಕೊಂಡು ಬನ್ನಿ.

ಯಾವುದು ಸತ್ತಿತು, ಯಾವುದು ಉಳಿಯಿತು?

ಬೆಟ್ಟಾ ಮತ್ತು ಗೌರಾಮಿ ಮೇಲೆ ಬಂದು ನೇರ ಗಾಳಿಯನ್ನೇ ಉಸಿರಾಡಬಲ್ಲವು. ಕೋರಿಡೋರಸ್ ಕೂಡ ಗಾಳಿ ನುಂಗಿ ಬದುಕುತ್ತದೆ. ಇವು ಆರಾಮಾಗಿದ್ದು ಟೆಟ್ರಾ, ರಾಸ್ಬೋರಾ, ಬಾರ್ಬ್ ಸತ್ತಿದ್ದರೆ ಆಮ್ಲಜನಕದ ಕೊರತೆ ಎಂದು ಹೆಚ್ಚುಕಮ್ಮಿ ಖಚಿತ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳ ಮಿಸ್ ಕೇರಳ ಮೀನು ಹರಿಯುವ ತಂಪು ನೀರಿನದ್ದು, ಆಮ್ಲಜನಕ ಕಡಿಮೆಯಾದರೆ ಮೊದಲು ಸೋಲುವುದು ಅದು. ಸಾಮಾನ್ಯವಾಗಿ ಒಂದೇ ಜಾತಿಯಲ್ಲಿ ದೊಡ್ಡ ಮೀನು ಸಣ್ಣದಕ್ಕಿಂತ ಮೊದಲು ಸಾಯುತ್ತದೆ.

ಸಿಗಡಿ ಸತ್ತು ಮೀನು ಉಳಿದಿದ್ದರೆ ಕೀಟನಾಶಕ ಅಥವಾ ತಾಮ್ರ. ಸಿಗಡಿ ಅಂಗಾತ ಬಿದ್ದು ಕಾಲು ಬಡಿಯುತ್ತಿದ್ದರೆ, ಮೀನು ಸುತ್ತು ಸುತ್ತು ತಿರುಗಿ ಗಾಜಿಗೆ ಡಿಕ್ಕಿ ಹೊಡೆಯುತ್ತಿದ್ದರೆ ಕೀಟನಾಶಕದ ಸಂಶಯ ಇನ್ನೂ ಗಟ್ಟಿ. ಬಸವನಹುಳುಗಳೆಲ್ಲ ಒಟ್ಟಿಗೆ ನೀರಿನ ಮೇಲ್ಭಾಗಕ್ಕೆ ಹತ್ತಿ ಕುಳಿತಿದ್ದರೆ ನೀರು ಕೆಟ್ಟಿದೆ ಎಂದು ತಿಳಿಯಿರಿ.

ಹೊಸದಾಗಿ ತಂದ ಮೀನು ಮಾತ್ರ ಸತ್ತು ಹಳೆಯದೆಲ್ಲ ಸರಿ ಇದ್ದರೆ ಅದು ಸಾಗಾಟ ಮತ್ತು ನೀರಿನ ವ್ಯತ್ಯಾಸದ ಸಮಸ್ಯೆ. ದೂರದಿಂದ ಪ್ಯಾಕೆಟ್‌ನಲ್ಲಿ ಬಂದ ಮೀನಿನ ನೀರಲ್ಲಿ ಅಮೋನಿಯಾ ತುಂಬಿರುತ್ತದೆ, ಸಿಓಟು ಇರುವುದರಿಂದ ಪಿಹೆಚ್ ಕಡಿಮೆ ಇರುತ್ತದೆ. ಪ್ಯಾಕೆಟ್ ಬಿಚ್ಚಿದ ಕೂಡಲೇ ಸಿಓಟು ಹಾರಿ ಪಿಹೆಚ್ ಏರುತ್ತದೆ, ಅಮೋನಿಯಾ ವಿಷವಾಗುತ್ತದೆ. ಅಂಥ ಮೀನನ್ನು ಬಿಚ್ಚಿದ ಪ್ಯಾಕೆಟ್‌ನಲ್ಲೇ ಗಂಟೆಗಟ್ಟಲೆ ಇಟ್ಟು ಹನಿ ಹನಿ ನೀರು ಬಿಡುವುದು ಒಳ್ಳೆಯದಲ್ಲ. ಕಟ್ಟಿದ ಪ್ಯಾಕೆಟನ್ನು ಇಪ್ಪತ್ತು ನಿಮಿಷ ತೇಲಿಸಿ ಬಿಸಿ ಸಮ ಮಾಡಿ, ಬಿಚ್ಚಿ, ಮೀನನ್ನು ಬಲೆಯಲ್ಲಿ ಎತ್ತಿ ಬಿಡಿ.

ಕಿವಿರು ತೆರೆದು ನೋಡಿ

ಈಗಷ್ಟೇ ಸತ್ತ ಮೀನು ಸಿಕ್ಕಿದರೆ ಬಿಳಿ ತಟ್ಟೆಯಲ್ಲಿಟ್ಟು ಕಿಟಕಿಯ ಬೆಳಕಲ್ಲಿ ನೋಡಿ. ಟೂತ್‌ಪಿಕ್‌ನ ಮೊಂಡು ತುದಿಯಿಂದ ಕಿವಿರಿನ ಮುಚ್ಚಳವನ್ನು ಮೆಲ್ಲಗೆ ಎತ್ತಿ. ಒಳಗೆ ಬಾಚಣಿಗೆ ಹಲ್ಲಿನ ಹಾಗೆ ಸಾಲು ಸಾಲು ಎಳೆಗಳು ಕಾಣುತ್ತವೆ. ಆರೋಗ್ಯದ ಕಿವಿರು ಕೆಂಪು, ಎಳೆ ಎಳೆ ಬೇರೆಯಾಗಿ ಕಾಣುತ್ತದೆ.

ಕಂದು, ಕಾಫಿ ಪುಡಿಯ ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್, ಬ್ಯಾಕ್ಟೀರಿಯಾ ಅಮೋನಿಯಾವನ್ನು ಒಡೆಯುವಾಗ ನಡುವೆ ಬರುವ ವಿಷ. ಅದು ರಕ್ತವನ್ನೇ ಆಮ್ಲಜನಕ ಹೊರಲಾಗದ ಹಾಗೆ ಮಾಡುತ್ತದೆ. ಕಿವಿರಿನ ತುದಿ ಸುಟ್ಟಂತೆ ಬೆಳ್ಳಗಾಗಿ ಲೋಳೆ ತುಂಬಿದ್ದರೆ ಕ್ಲೋರಿನ್ ಅಥವಾ ಅಮೋನಿಯಾ. ಕಿವಿರು ಕೆಂಪಾಗಿಯೇ ಇದ್ದು, ಬಾಯಿ ಅಗಲ ತೆರೆದು, ಮುಚ್ಚಳ ಉಬ್ಬಿ ಸತ್ತಿದ್ದರೆ ಉಸಿರು ಕಟ್ಟಿ ಸತ್ತದ್ದು. ಇದೆಲ್ಲ ಸತ್ತು ಒಂದೆರಡು ಗಂಟೆಯೊಳಗೆ ಮಾತ್ರ. ಆಮೇಲೆ ಯಾವ ಮೀನಿನ ಕಿವಿರಾದರೂ ಬೆಳ್ಳಗಾಗುತ್ತದೆ. ಹಳೆಯ ಹೆಣ ನೋಡಿ ತೀರ್ಮಾನಕ್ಕೆ ಬರಬೇಡಿ.

ಸಂಖ್ಯೆಗಳು ಏನು ಹೇಳುತ್ತವೆ?

ಕಾಗದದ ಪಟ್ಟಿಗಿಂತ ಹನಿ ಹಾಕಿ ನೋಡುವ ಕಿಟ್ ಒಳ್ಳೆಯದು. ಬೇಕಾದದ್ದು ಅಮೋನಿಯಾ, ನೈಟ್ರೈಟ್, ಪಿಹೆಚ್, ಕೆಹೆಚ್. ದುಡ್ಡು ಕಡಿಮೆ ಇದ್ದರೆ ಮೊದಲು ಅಮೋನಿಯಾ ಮತ್ತು ಕೆಹೆಚ್ ತೆಗೆದುಕೊಳ್ಳಿ, ಪಿಹೆಚ್‌ಗೆ ಅಗ್ಗದ ಹನಿ ಸಾಕು.

ಅಮೋನಿಯಾವನ್ನು ಪಿಹೆಚ್ ಬಿಟ್ಟು ಓದಬಾರದು. ಕಿಟ್ ತೋರಿಸುವ ಒಟ್ಟು ಅಮೋನಿಯಾದಲ್ಲಿ ನಿಜವಾಗಿ ವಿಷ ಆಗುವ ಪಾಲು ಪಿಹೆಚ್ ಮೇಲೆ ನಿಂತಿದೆ. 25 ಡಿಗ್ರಿಯಲ್ಲಿ ಪಿಹೆಚ್ 7 ಇದ್ದರೆ ವಿಷದ ಪಾಲು ನೂರಕ್ಕೆ ಸುಮಾರು 0.5 ಮಾತ್ರ. ಪಿಹೆಚ್ 8 ಆದರೆ ನೂರಕ್ಕೆ ಐದು. ಪಿಹೆಚ್ 6ರಲ್ಲಿ ಲೆಕ್ಕಕ್ಕೇ ಇಲ್ಲ. ಬಿಸಿ ಏರಿದರೆ ಇನ್ನೂ ಸ್ವಲ್ಪ ಜಾಸ್ತಿ.

ಈಗ ಆ ಬಕೆಟ್‌ನ ವಿಷಯ. ಹಳೆಯ ಟ್ಯಾಂಕ್, ನೀರು ಬದಲಾಯಿಸುವುದು ಅಪರೂಪ, ಕೆಹೆಚ್ ಸೊನ್ನೆ, ಪಿಹೆಚ್ 5.8ಕ್ಕೆ ಇಳಿದಿದೆ. 6ರ ಕೆಳಗೆ ಫಿಲ್ಟರ್‌ನ ಬ್ಯಾಕ್ಟೀರಿಯಾ ಕೆಲಸ ಹೆಚ್ಚುಕಮ್ಮಿ ನಿಲ್ಲಿಸುತ್ತದೆ. ಅಮೋನಿಯಾ ತುಂಬುತ್ತದೆ, ಆದರೆ ಪಿಹೆಚ್ ಕಡಿಮೆ ಇರುವುದರಿಂದ ಮೀನಿಗೆ ಏನೂ ಆಗುವುದಿಲ್ಲ. ಮನೆಗೆ ನೆಂಟರು ಬರುತ್ತಾರೆಂದು ಒಂದು ದಿನ ಟ್ಯಾಂಕ್ ಸ್ವಚ್ಛ ಮಾಡಿ, ಪಿಹೆಚ್ 7.5ರ ನೀರನ್ನು ಅರ್ಧಕ್ಕರ್ಧ ತುಂಬಿಸುತ್ತೀರಿ. ಅಷ್ಟು ದಿನ ಸುಮ್ನೆ ಇದ್ದ ಅಮೋನಿಯಾ ಕೆಲವೇ ನಿಮಿಷದಲ್ಲಿ ವಿಷ. ರಾತ್ರಿಯೊಳಗೆ ಮೀನು ಸಾಲಾಗಿ ಸಾಯುತ್ತದೆ. ಇಂಥ ಟ್ಯಾಂಕ್‌ನಲ್ಲಿ ಒಮ್ಮೆಗೆ ನೂರಕ್ಕೆ ಹತ್ತರಷ್ಟು ನೀರು ಮಾತ್ರ ಬದಲಾಯಿಸಿ, ಅಮೋನಿಯಾವನ್ನು ಕಟ್ಟಿಹಾಕುವ ಕಂಡೀಷನರ್ ಹಾಕಿ, ಕೆಲವು ದಿನ ಇದನ್ನೇ ಮುಂದುವರಿಸಿ. ಪಿಹೆಚ್ ಏರಿಸುವ ಪುಡಿ ಮುಟ್ಟಬೇಡಿ.

ಪಿಹೆಚ್ 7ರ ಸುತ್ತಮುತ್ತ ಅಥವಾ ಮೇಲಿದ್ದು ಅಮೋನಿಯಾ ಕಂಡರೆ ಮಾತ್ರ ಧೈರ್ಯವಾಗಿ ಅರ್ಧ ನೀರು ಬದಲಾಯಿಸಿ. ತುಂಬಿಸುವ ನೀರಿನ ಪಿಹೆಚ್ ಟ್ಯಾಂಕ್‌ನದ್ದಕ್ಕಿಂತ ಜಾಸ್ತಿ ಇರಬಾರದು.

ನೈಟ್ರೈಟ್ ಕಂಡರೆ ನೀರು ಬದಲಾವಣೆಯ ಜೊತೆ ಲೀಟರಿಗೆ 1 ಗ್ರಾಂ ಕಲ್ಲುಪ್ಪು ಹಾಕಬಹುದು. ಉಪ್ಪಿನ ಕ್ಲೋರೈಡ್ ನೈಟ್ರೈಟ್ ಕಿವಿರಿನಿಂದ ಒಳಗೆ ಹೋಗುವುದನ್ನು ತಡೆಯುತ್ತದೆ. ಅಷ್ಟು ಉಪ್ಪನ್ನು ಹೆಚ್ಚಿನ ಗಿಡ ತಡೆದುಕೊಳ್ಳುತ್ತವೆ. ಉಪ್ಪು ಕೆಲಸ ಮಾಡುವುದು ಇಲ್ಲಿ. ಎಲ್ಲದಕ್ಕೂ ಉಪ್ಪು ಹಾಕುವ ಅಭ್ಯಾಸ ಬಿಡಿ.

ಹೊಸ ಟ್ಯಾಂಕ್ ಆಗಿದ್ದರೆ ಅಮೋನಿಯಾ, ನೈಟ್ರೈಟ್ ಎರಡೂ ಬರುವುದು ಸಹಜ. ಬ್ಯಾಕ್ಟೀರಿಯಾ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಹೊಸ ಆಕ್ವಾಸಾಯಿಲ್ (ಗಿಡಕ್ಕೆಂದು ಟ್ಯಾಂಕ್ ತಳಕ್ಕೆ ಹಾಕುವ ಸಾರದ ಮಣ್ಣು) ಮೊದಲ ವಾರಗಳಲ್ಲಿ ತಾನೇ ಅಮೋನಿಯಾ ಬಿಡುತ್ತದೆ, ಆ ಹೊತ್ತಿಗೆ ಮೀನು ಬಿಡಲೇಬಾರದು. ಹಳೆಯ ಟ್ಯಾಂಕ್‌ನಲ್ಲಿ ಒಮ್ಮೆಗೇ ಅಮೋನಿಯಾ ಬಂದರೆ ಹೀಗೆ ಕೇಳಿಕೊಳ್ಳಿ: ಫಿಲ್ಟರ್ ಸ್ಪಂಜನ್ನು ನಳ್ಳಿ ನೀರಲ್ಲಿ ತೊಳೆದಿರಾ? ಬುಡಕ್ಕೆ ಹಾಕಿದ ಗೊಬ್ಬರದ ಗುಳಿಗೆ ಗಿಡ ಕೀಳುವಾಗ ಮೇಲೆ ಬಂತಾ? ಕರೆಂಟ್ ಇಲ್ಲದೆ ಕ್ಯಾನಿಸ್ಟರ್ ಫಿಲ್ಟರ್ ಗಂಟೆಗಟ್ಟಲೆ ನಿಂತಿತ್ತಾ? ಮುಚ್ಚಿದ ಡಬ್ಬಿಯೊಳಗಿನ ನೀರಲ್ಲಿ ಆಮ್ಲಜನಕ ಬೇಗ ಮುಗಿದು ಒಳಗೆ ಕೊಳೆಯಲು ಶುರುವಾಗುತ್ತದೆ. ಮೂರು-ನಾಲ್ಕು ಗಂಟೆಗಿಂತ ಜಾಸ್ತಿ ನಿಂತಿದ್ದರೆ ಹಾಗೇ ಚಾಲೂ ಮಾಡಬೇಡಿ. ಬಿಚ್ಚಿ, ಒಳಗಿನ ನೀರು ಚೆಲ್ಲಿ, ಸ್ಪಂಜನ್ನು ಟ್ಯಾಂಕ್ ನೀರಲ್ಲೇ ಅಲುಗಾಡಿಸಿ, ಮತ್ತೆ ಹಾಕಿ.

ನಮ್ಮ ಊರಿನ ನೀರು

ಮಂಗಳೂರು ಪೇಟೆಗೆ ನೇತ್ರಾವತಿಯ ತುಂಬೆ ಡ್ಯಾಂ ನೀರು, ಉಡುಪಿಗೆ ಸ್ವರ್ಣಾ ನದಿಯ ಬಜೆ ಡ್ಯಾಂ ನೀರು. ಎರಡಕ್ಕೂ ಕ್ಲೋರಿನ್ ಹಾಕುತ್ತಾರೆ, ಹಾಕಲೇಬೇಕು. ಕುಡಿಯುವ ನೀರಲ್ಲಿ ಮನೆ ತಲುಪುವಾಗ ಕನಿಷ್ಠ 0.2 ಪಿಪಿಎಂ ಕ್ಲೋರಿನ್ ಉಳಿದಿರಬೇಕು ಎಂಬ ನಿಯಮ ಇದೆ. ನಮಗೆ ಅದು ಸುರಕ್ಷಿತ, ಮೀನಿನ ಕಿವಿರಿಗೆ ಅಷ್ಟೇ ಜಾಸ್ತಿ. ನದಿ ನೀರು ಕೆಂಪಾದ ದಿನಗಳಲ್ಲಿ ವಾಸನೆಯೇ ಬರುವಷ್ಟು ಇರಬಹುದು. ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂದು ಸಿಗುವ ಹರಳು ಸೋಡಿಯಂ ಥಯೋಸಲ್ಫೇಟ್, 100 ಲೀಟರ್‌ಗೆ 2 ಗ್ರಾಂ ಧಾರಾಳ ಸಾಕು. ಫ್ಲಾಟ್‌ನಲ್ಲಿ ಇರುವವರು ಇನ್ನೊಂದು ವಿಚಾರಿಸಿ: ಮೇಲಿನ ಟ್ಯಾಂಕ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ್ದಾರಾ? ವಾಚ್‌ಮನ್ ಹತ್ತಿರ ಕೇಳಿದರೆ ಗೊತ್ತಾಗುತ್ತದೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ವಾರದಲ್ಲೂ ಇದೇ ಎಚ್ಚರ.

ಬಾವಿ ನೀರು ಶುದ್ಧ, ಅದಕ್ಕೇನೂ ಬೇಡ ಎನ್ನುವವರು ಜಾಸ್ತಿ. ನಮ್ಮ ಮುರಕಲ್ಲಿನ ಬಾವಿಗಳ ನೀರು ಸಿಹಿ, ತುಂಬ ಮೆದು, ಸ್ವಲ್ಪ ಹುಳಿ. ಪಿಹೆಚ್ 6ರ ಆಸುಪಾಸು ಇರುವುದು ಮಾಮೂಲು, ಕೆಹೆಚ್ ಒಂದು ಡಿಗ್ರಿಯೂ ಇರುವುದಿಲ್ಲ. ಕೆಹೆಚ್ ಎಂದರೆ ಪಿಹೆಚ್ ಜಾರದಂತೆ ಹಿಡಿದಿಡುವ ಶಕ್ತಿ. ಅದಿಲ್ಲದ ನೀರಿಗೆ ಸಿಓಟು ಬಿಟ್ಟರೆ, ಆಕ್ವಾಸಾಯಿಲ್ ಹಾಕಿದರೆ, ಮೀನಿನ ಹೊಲಸು ಸೇರಿದರೆ ಪಿಹೆಚ್ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಹೇಳಲಾಗದು. ಟೆಟ್ರಾ, ರಾಸ್ಬೋರಾಗಳಿಗೆ ಮೆದು ನೀರು ಇಷ್ಟ. ಆದರೆ ಗಪ್ಪಿ, ಮೋಲಿ ಇಂಥ ನೀರಲ್ಲಿ ಸೊರಗಿ ಸಾಯುತ್ತವೆ, ಜನ ಅದನ್ನು ರೋಗ ಎಂದುಕೊಳ್ಳುತ್ತಾರೆ.

ಜೊತೆಗೆ ಆಗಷ್ಟೇ ಪಂಪ್ ಮಾಡಿದ ಬಾವಿ ಅಥವಾ ಬೋರ್‌ವೆಲ್ ನೀರಲ್ಲಿ ನೆಲದೊಳಗಿನ ಸಿಓಟು ಜಾಸ್ತಿ, ಆಮ್ಲಜನಕ ಕಡಿಮೆ. ಕ್ಲೋರಿನ್ ಇಲ್ಲ ಎಂದು ಅದನ್ನು ನೇರ ಪೈಪ್ ಹಿಡಿದು ಟ್ಯಾಂಕ್‌ಗೆ ಬಿಡಬೇಡಿ. ಡ್ರಮ್‌ನಲ್ಲಿ ತುಂಬಿ, ಏರ್ ಸ್ಟೋನ್ ಹಾಕಿ, ಒಂದು ರಾತ್ರಿ ಬಿಡಿ.

ಕೆಹೆಚ್ ಏರಿಸಲು ಅಡುಗೆ ಸೋಡಾ ಸಾಕು. 100 ಲೀಟರ್‌ಗೆ 3 ಗ್ರಾಂ ಹಾಕಿದರೆ ಸುಮಾರು 1 ಡಿಗ್ರಿ ಏರುತ್ತದೆ. ಇದನ್ನು ಡ್ರಮ್‌ನ ನೀರಿಗೆ ಹಾಕಿ, ಟ್ಯಾಂಕ್‌ಗೆ ನೇರ ಹಾಕಬೇಡಿ. ನನಗೆ ಇದಕ್ಕಿಂತ ಇಷ್ಟವಾದದ್ದು ಮರುವಾಯಿ ಚಿಪ್ಪು. ಸಾರು ಮಾಡಿದ ಮೇಲೆ ಉಳಿದ ಚಿಪ್ಪನ್ನು ಉಜ್ಜಿ ತೊಳೆದು, ಮತ್ತೊಮ್ಮೆ ಬರೀ ನೀರಲ್ಲಿ ಕುದಿಸಿ, ಒಣಗಿಸಿ, ಪುಡಿಗಟ್ಟಿ ಬಟ್ಟೆ ಚೀಲದಲ್ಲಿ ಒಂದು ಮುಷ್ಟಿ ಫಿಲ್ಟರ್‌ನಲ್ಲಿಡಿ. ನೀರು ಹುಳಿಯಾದಷ್ಟೂ ಚಿಪ್ಪು ಬೇಗ ಕರಗುತ್ತದೆ, ಪಿಹೆಚ್ ಸರಿಯಾದ ಹಾಗೆ ಕರಗುವುದು ನಿಧಾನವಾಗುತ್ತದೆ. ಅಮೋನಿಯಾ ತುಂಬಿರುವ ಟ್ಯಾಂಕ್‌ಗೆ ಮಾತ್ರ, ಮೇಲೆ ಹೇಳಿದ ಕಾರಣಕ್ಕೆ, ಮೊದಲು ಅಮೋನಿಯಾ ಇಳಿಸಿಯೇ ಇದನ್ನು ಹಾಕಬೇಕು.

ಬೇಸಿಗೆಯ ಕೊನೆಗೆ ನದಿ ಸೊರಗಿದಾಗ ಅಳಿವೆಯ ಹತ್ತಿರದ ಬಾವಿಗಳಿಗೆ ಉಪ್ಪುನೀರು ನುಗ್ಗುತ್ತದೆ. ಉಳ್ಳಾಲ, ಮಲ್ಪೆ ಕಡೆಯವರಿಗೆ ಇದು ಗೊತ್ತಿರುವ ವಿಷಯ. ಟ್ಯಾಂಕರ್ ನೀರು ಎಲ್ಲಿಂದ ಬಂತೆಂದು ಕೇಳಿದರೂ ಸರಿಯಾದ ಉತ್ತರ ಸಿಗುವುದು ಕಷ್ಟ. ನೀರಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಒಂದು ಟಿಡಿಎಸ್ ಮೀಟರ್ ಇಟ್ಟುಕೊಳ್ಳಿ. ಎಂದೂ 60-70 ತೋರಿಸುತ್ತಿದ್ದ ನೀರು ಒಮ್ಮೆಗೇ 500 ತೋರಿಸಿದರೆ ಆ ನೀರು ಟ್ಯಾಂಕ್‌ಗೆ ಬೇಡ. ಆದರೆ ಟಿಡಿಎಸ್ ಸರಿ ಇದ್ದರೆ ನೀರು ಸರಿ ಎಂದಲ್ಲ. ಕ್ಲೋರಿನ್, ಕೀಟನಾಶಕ ಅದರಲ್ಲಿ ಕಾಣುವುದೇ ಇಲ್ಲ.

ಮಳೆ ನೀರಲ್ಲಿ ಕೆಹೆಚ್ ಇಲ್ಲವೇ ಇಲ್ಲ. ಅದನ್ನೇ ಬಳಸುವವರು ಅರ್ಧ ನಳ್ಳಿ ನೀರು ಬೆರೆಸಿ, ಮೊದಲ ಮಳೆಗಳ ನೀರು ಬಿಟ್ಟುಬಿಡಿ.

ಹೊರಗಿನಿಂದ ಬರುವ ವಿಷ

ಕಾರ್ಕಳ ಕಡೆ ಒಂದು ಮನೆಯಲ್ಲಿ ಜುಲೈ ತಿಂಗಳಲ್ಲಿ ಚೆರ್ರಿ ಸಿಗಡಿಗಳೆಲ್ಲ ಎರಡು ದಿನದಲ್ಲಿ ಖಾಲಿ. ಮೂರನೆಯ ದಿನ ಟೆಟ್ರಾ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ಸಿಓಟು ಇಲ್ಲವೇ ಇಲ್ಲ. ಮನೆಯ ಹಿಂದೆ ಅಡಿಕೆ ತೋಟ. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸಿದ ವಾರ ಅದು. ಬೋರ್ಡೋ ಎಂದರೆ ಮೈಲುತುತ್ತು ಮತ್ತು ಸುಣ್ಣ, ಮೈಲುತುತ್ತು ಎಂದರೆ ತಾಮ್ರ. ಮದ್ದು ಕಲಸಿದ ಡ್ರಮ್ ತೊಳೆದು ಅದರಲ್ಲೇ ಟ್ಯಾಂಕ್‌ನ ನೀರು ಹಿಡಿದಿಟ್ಟಿದ್ದರು. ಮೆದು ನೀರಲ್ಲಿ ತಾಮ್ರದ ವಿಷ ಇನ್ನೂ ತೀಕ್ಷ್ಣ, ನಮ್ಮ ನೀರು ಮೆದುವೇ ಅಲ್ವಾ? ತೋಟದ ಮಧ್ಯೆ ಮನೆ ಇರುವವರು ಮೀನಿನ ಡ್ರಮ್, ಬಕೆಟ್, ಪೈಪ್ ಎಲ್ಲ ಬೇರೆಯೇ ಇಡಿ. ಸಿಂಪಡಣೆಯ ದಿನಗಳಲ್ಲಿ ತೋಟದೊಳಗಿನ ತೋಡು, ತೆರೆದ ಬಾವಿ, ಮಾಡಿನ ನೀರು ಬಳಸಬೇಡಿ. ಆ ತೋಡಿನಿಂದ ಕಿತ್ತು ತಂದ ಗಿಡವೂ ಬೇಡ.

ಪೇಟೆಯಲ್ಲಿ ಕಾರಣ ಬೇರೆ. ಸೊಳ್ಳೆಗೆ ಹಾಕುವ ದ್ರವದ ಮೆಷಿನ್, ಕಾಯಿಲ್, ಜಿರಲೆ ಸ್ಪ್ರೇ ಇವುಗಳಲ್ಲಿ ಇರುವುದು ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ. ನಮಗೆ ಅಷ್ಟು ಹಾನಿ ಇಲ್ಲ, ಮೀನಿಗೆ ತೀರಾ ವಿಷ, ಸಿಗಡಿಗೆ ಅದಕ್ಕಿಂತ ಜಾಸ್ತಿ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಸೇರಿಸುತ್ತದೆ, ಇದನ್ನು ನೆನಪಿಡಿ. ಮಲೇರಿಯಾ, ಡೆಂಗ್ಯೂ ಕಾಲದಲ್ಲಿ ಬೀದಿಗೆ ಫಾಗಿಂಗ್ ಗಾಡಿ ಬಂದಾಗ ಕಿಟಕಿ ಮುಚ್ಚಿ, ಏರ್ ಪಂಪ್ ಆರಿಸಿ, ಟ್ಯಾಂಕ್‌ಗೆ ಒದ್ದೆ ಬಟ್ಟೆ ಹೊದಿಸಿ. ಫಿಲ್ಟರ್ ಓಡುತ್ತಿರಲಿ. ಹೊಗೆ ಪೂರ್ತಿ ಹೋದ ಮೇಲೆ ಬಟ್ಟೆ ತೆಗೆಯಿರಿ. ಮನೆಗೆ ಗೆದ್ದಲಿನ ಮದ್ದು ಹೊಡೆಸಿದ್ದರೆ, ಫಿನಾಯಿಲ್ ಬಕೆಟ್ ತಪ್ಪಿ ಬಳಸಿದ್ದರೆ ಅದನ್ನೂ ಪಟ್ಟಿಗೆ ಸೇರಿಸಿ.

ವಿಷದ ಸಂಶಯ ಇದ್ದರೆ ಅರ್ಧ ನೀರು ಬದಲಾಯಿಸಿ, ಫಿಲ್ಟರ್‌ಗೆ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಮರುದಿನ ಮತ್ತೆ ಬದಲಾಯಿಸಿ.

ಗಿಡಕ್ಕೆ ಹಾಕುವ ಮದ್ದನ್ನೂ ಮರೆಯಬೇಡಿ. ಲಿಕ್ವಿಡ್ ಕಾರ್ಬನ್ ಹೆಸರಿನಲ್ಲಿ ಬರುವುದು ಹೆಚ್ಚಾಗಿ ಗ್ಲುಟರಾಲ್ಡಿಹೈಡ್, ಪ್ರಮಾಣ ಮೀರಿದರೆ ಸಿಗಡಿ ಸಾಯುತ್ತದೆ, ವ್ಯಾಲಿಸ್ನೇರಿಯಾ ಗಿಡ ಕರಗುತ್ತದೆ. ಪಾಚಿ ಕೊಲ್ಲುವ ಮದ್ದು ಹಾಕಿದ ಎರಡು-ಮೂರು ದಿನಕ್ಕೆ ಮೀನು ಸತ್ತರೆ ಕಾರಣ ಮದ್ದಿಗಿಂತ ಹೆಚ್ಚಾಗಿ ಕೊಳೆಯುವ ಪಾಚಿ, ಅದು ಆಮ್ಲಜನಕವನ್ನೆಲ್ಲ ಎಳೆಯುತ್ತದೆ.

ರೋಗವೇ ಇರಬಹುದಾ?

ಇರಬಹುದು. ರೋಗ ಸಾಮಾನ್ಯವಾಗಿ ಇಂದು ಒಂದು, ನಾಳೆ ಎರಡು ಎಂಬ ಲೆಕ್ಕದಲ್ಲಿ ಬರುತ್ತದೆ, ಮೈಮೇಲೆ ಗುರುತು ಬಿಡುತ್ತದೆ. ಬಿಳಿ ಚುಕ್ಕೆ, ಚಿನ್ನದ ಪುಡಿಯಂಥ ಹೊದಿಕೆ, ನಿಮಿರಿದ ಹುರುಪೆ. ಒಂದು ರೋಗ ಮಾತ್ರ ಈ ಲೆಕ್ಕ ಮೀರುತ್ತದೆ: ಕಾಲಮ್ನಾರಿಸ್. ಬಾಯಿಯ ಸುತ್ತ ಹತ್ತಿಯಂಥ ಬಿಳಿ, ಬೆನ್ನ ಮೇಲೆ ಮಾಸಲು ಬಿಳಿ ಪಟ್ಟೆ. ಇದು ಬ್ಯಾಕ್ಟೀರಿಯಾ, ನಮ್ಮ ಸೆಕೆಯ ನೀರಲ್ಲಿ ಒಂದೆರಡು ದಿನದಲ್ಲೇ ಮೀನನ್ನು ಮುಗಿಸುತ್ತದೆ. ಅಂಥ ಗುರುತು ಕಂಡರೆ ಆ ಮೀನನ್ನು ಕೂಡಲೇ ಬೇರೆ ಮಾಡಿ, ನೀರಿನ ಬಿಸಿ ಇಳಿಸಿ, ಬಲೆಯನ್ನು ಬೇರೆ ಟ್ಯಾಂಕ್‌ಗೆ ಬಳಸಬೇಡಿ.

ಏನು ಮಾಡಿದರೂ ಕಾರಣ ಸಿಗದಿದ್ದರೆ ಗೊತ್ತಿರುವವರ ಸಲಹೆ ಕೇಳಿ. ಮಂಗಳೂರಿನ ಎಕ್ಕೂರಿನಲ್ಲಿ 1969ರಲ್ಲಿ ಶುರುವಾದ ಮೀನುಗಾರಿಕಾ ಮಹಾವಿದ್ಯಾಲಯ ಇದೆ, ದೇಶದ ಮೊದಲ ಮೀನುಗಾರಿಕಾ ಕಾಲೇಜು ಅದು. ಮೊದಲು ಫೋನ್ ಮಾಡಿ ವಿಚಾರಿಸಿ ಹೋಗಿ. ಯಾರ ಹತ್ತಿರ ಹೋದರೂ ನಿನ್ನೆ ಸತ್ತ ಮೀನು ಒಯ್ದು ಪ್ರಯೋಜನ ಇಲ್ಲ. ಸಾಯುವ ಸ್ಥಿತಿಯಲ್ಲಿರುವ ಮೀನು ಅಥವಾ ಈಗಷ್ಟೇ ಸತ್ತದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಐಸ್ ಮೇಲೆ ಇಡಿ. ಫ್ರೀಜರ್‌ಗೆ ಹಾಕಬೇಡಿ, ಹೆಪ್ಪುಗಟ್ಟಿದರೆ ಅಂಗಾಂಶ ಹಾಳಾಗುತ್ತದೆ. ಫ್ರಿಜ್‌ನಲ್ಲಿಟ್ಟ ಆ ಅರ್ಧ ಲೀಟರ್ ನೀರು, ಫೋನ್‌ನ ಫೋಟೋಗಳು, ನೀವು ಬರೆದಿಟ್ಟ ಪಿಹೆಚ್ ಎಲ್ಲ ಜೊತೆಗಿರಲಿ.

ಮತ್ತೆ ಮೀನು ಬಿಡುವ ಮೊದಲು

ಕಾರಣ ಸಿಕ್ಕಿ ಸರಿ ಮಾಡಿದ ಮೇಲೂ ಅವಸರ ಬೇಡ. ಉಳಿದ ಮೀನಿಗೆ ಎರಡು ದಿನ ಆಹಾರ ಹಾಕಬೇಡಿ, ಅವಕ್ಕೆ ಏನೂ ಆಗುವುದಿಲ್ಲ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಎರಡು ವಾರ ಸೊನ್ನೆಯಲ್ಲೇ ನಿಲ್ಲಬೇಕು. ಆ ಎರಡು ವಾರದಲ್ಲಿ ಒಂದು ದಿನ ಬೆಳಗಿನ ಜಾವ ಐದಕ್ಕೆ ಎದ್ದು, ದೊಡ್ಡ ಲೈಟ್ ಹಾಕದೆ, ಟಾರ್ಚ್ ಹಿಡಿದು ಟ್ಯಾಂಕ್ ನೋಡಿ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ರಾತ್ರಿಯ ಗಾಳಿ ಇನ್ನೂ ಸಾಲದು. ಕೆಳಗೆ, ಗಿಡದ ನಡುವೆ ನಿಧಾನವಾಗಿ ಕಿವಿರು ಆಡಿಸುತ್ತಿದ್ದರೆ ಹೊಸ ಮೀನು ತರಬಹುದು. ಒಮ್ಮೆಗೆ ನಾಲ್ಕೈದು ಮಾತ್ರ, ಅದೂ ಎರಡರಿಂದ ನಾಲ್ಕು ವಾರ ಬೇರೆ ಟಬ್‌ನಲ್ಲಿ ಇಟ್ಟು ನೋಡಿದ ಮೇಲೆ.